ಚಕ್ಕುಬಂದಿ ಇಲ್ಲದ ಮನೆ

ಇದು ಒಂದು ಮನೆಯ ನಕ್ಷೆಯ ಬಗ್ಗೆ. ಆ ಮನೆಯನ್ನು ಯಾರೂ ಕಟ್ಟಲಿಲ್ಲ. ಅದರಲ್ಲಿ ಯಾರೂ ಹಾಲುಕ್ಕಿಸಲಿಲ್ಲ. ಆದರೂ ನೂರು ವರ್ಷಗಳಿಂದ ಆರ್ಕಿಟೆಕ್ಚರ್ ಓದುವವರ ಪುಸ್ತಕಗಳಲ್ಲಿ ಅದಕ್ಕೊಂದು ಪುಟ ಮೀಸಲು. ಕಟ್ಟಿದ ಎಷ್ಟೋ ಮನೆಗಳಿಗೆ ಸಿಗದ ಹೆಸರು ಈ ಕಟ್ಟದ ಮನೆಗೆ ಸಿಕ್ಕಿದೆ.

ಮೊದಲು ನಕ್ಷೆ ನೋಡೋಣ. ಹಾಳೆಯ ನಡುವೆ ಒಂದಿಷ್ಟು ಕಪ್ಪು ಗೆರೆಗಳು. ಎಲ್ಲವೂ ನೇರ, ಎಲ್ಲವೂ ಒಂದಕ್ಕೊಂದು ಲಂಬ. ಕೆಲವು ಒಂಟಿಯಾಗಿ ನಿಂತಿವೆ, ಕೆಲವು ಎಲ್ ಅಕ್ಷರದ ಹಾಗೆ ತಿರುಗಿವೆ, ಕೆಲವು ಇನ್ನೊಂದರ ಹತ್ತಿರ ಬಂದು ಮುಟ್ಟದೆ ನಿಂತುಬಿಟ್ಟಿವೆ. ಅಲ್ಲಲ್ಲಿ ಬೆಂಕಿಗೂಡಿನ ದಪ್ಪ ಗೋಡೆ. ಯಾವುದೇ ನಾಲ್ಕು ಗೆರೆ ಸೇರಿ ಒಂದು ಚೌಕ ಆಗಿದೆಯಾ ಅಂತ ಹುಡುಕಿದರೆ ಕಣ್ಣು ಸೋಲುತ್ತದೆ. ಗುರುತು ಹೇಳದಿದ್ದರೆ ಇದು ಮನೆ ಅಂತ ಗೊತ್ತಾಗುವುದೂ ಕಷ್ಟ. ಯಾರೋ ಕಡ್ಡಿಗಳನ್ನು ಚೆಲ್ಲಿ, ಆಮೇಲೆ ಬಹಳ ಹೊತ್ತು ಕೂತು ಜೋಡಿಸಿದ ಹಾಗೆ.

ಅದರಲ್ಲಿ ಮೂರು ಗೆರೆಗಳು ಮಾತ್ರ ಬೇರೆ ಥರ. ಅವು ಮನೆಯಿಂದ ಹೊರಟು, ಮೂರು ದಿಕ್ಕಿಗೆ, ಸುಮ್ಮನೆ ಹೋಗುತ್ತಲೇ ಇವೆ. ಹಾಳೆ ಮುಗಿಯುವವರೆಗೂ ಹೋಗಿವೆ. ಅವು ನಿಂತಿರುವುದು ಗೋಡೆ ಮುಗಿದಿದ್ದಕ್ಕಲ್ಲ, ಕಾಗದ ಮುಗಿದಿದ್ದಕ್ಕೆ.

ಇದು ಲುಡ್ವಿಗ್ ಮೀಸ್ ವ್ಯಾನ್ ಡೆರ್ ರೋಹೆ 1924ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದ 'ಬ್ರಿಕ್ ಕಂಟ್ರಿ ಹೌಸ್'. ನಮ್ಮ ಮಾತಲ್ಲಿ ಇಟ್ಟಿಗೆಯ ತೋಟದ ಮನೆ ಅನ್ನಬಹುದು. ತೋಟದ ಮನೆ ಅಂದ ಕೂಡಲೇ ಅಡಿಕೆ ಸುಲಿಯುವ ಅಂಗಳ ನೆನೆಸಿಕೊಳ್ಳಬೇಡಿ. ಇದು ಪಟ್ಟಣದ ಉಳ್ಳವರು ಗದ್ದಲ ಬಿಟ್ಟು ಹಸಿರಿನ ನಡುವೆ ಹೋಗಿ ಇರುವ ಮನೆ.

1921ರಿಂದ 1924ರ ನಡುವೆ ಮೀಸ್ ಐದು ವಿನ್ಯಾಸಗಳನ್ನು ಜನರ ಮುಂದಿಟ್ಟರು. ಎರಡು ಗಾಜಿನ ಎತ್ತರದ ಕಟ್ಟಡ, ಒಂದು ಕಾಂಕ್ರೀಟಿನ ಆಫೀಸು, ಒಂದು ಕಾಂಕ್ರೀಟಿನ ಮನೆ, ಕೊನೆಗೆ ಈ ಇಟ್ಟಿಗೆಯ ಮನೆ. ಐದರಲ್ಲಿ ಒಂದೂ ಮೇಲೇಳಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಹಣ ಕಾಗದವಾಗಿದ್ದ ಕಾಲದಲ್ಲಿ ಆರ್ಕಿಟೆಕ್ಟ್ ಒಬ್ಬರು ಕಾಗದದ ಮೇಲೆಯೇ ಕಟ್ಟಿದರು, ಅಷ್ಟೇ. ಇಟ್ಟಿಗೆ ಮನೆಗೆ ಗೊತ್ತಿರುವಂತೆ ಗಿರಾಕಿ ಇರಲಿಲ್ಲ, ಪ್ರಕಟಿಸಿದ ನಕ್ಷೆಗೆ ನಿವೇಶನದ ಗುರುತೂ ಇರಲಿಲ್ಲ. ಉಳಿದಿದ್ದು ಎರಡು ಚಿತ್ರ: ಮೇಲಿನಿಂದ ನೋಡಿದ ನಕ್ಷೆ ಒಂದು, ಹೊರಗೆ ನಿಂತು ನೋಡಿದಂತೆ ಬಿಡಿಸಿದ್ದು ಒಂದು. ಅವುಗಳ ಮೂಲ ಹಾಳೆಗಳೂ ಈಗಿಲ್ಲ, ಫೋಟೋಗಳಿವೆ. ಎರಡೂ ಚಿತ್ರ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ ಅಂತ ವಿದ್ವಾಂಸರು ಅಳೆದು ಹೇಳಿದ್ದಾರೆ.

ಇಷ್ಟಾದರೂ ಇದು ದೊಡ್ಡ ಕೆಲಸ. ಯಾಕೆ ದೊಡ್ಡದು ಅನ್ನುವುದನ್ನು ಮೊದಲು ಒಪ್ಪಿಕೊಂಡು ಆಮೇಲೆ ಜಗಳಕ್ಕೆ ಬರುತ್ತೇನೆ.

ಮನೆ ಅಂದರೆ ನಮಗೆಲ್ಲ ಡಬ್ಬಿಗಳ ಲೆಕ್ಕ. ಎರಡು ಬೆಡ್‌ರೂಮು, ಒಂದು ಹಾಲು, ಒಂದು ಅಡುಗೆಮನೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಹೋಗಲು ಬಾಗಿಲು. ಗೋಡೆಯ ಕೆಲಸ ಮುಚ್ಚುವುದು. ಮೀಸ್ ಆ ಕೆಲಸವನ್ನೇ ಗೋಡೆಯಿಂದ ಕಿತ್ತುಕೊಂಡರು. ಈ ನಕ್ಷೆಯಲ್ಲಿ ಬೆರಳಿಟ್ಟು ನಡೆದು ನೋಡಿ. ಒಂದು ಗೋಡೆ ಪಕ್ಕದಲ್ಲೇ ಹೋಗುತ್ತೀರಿ, ಅದು ಮುಗಿಯುತ್ತದೆ. ಮುಗಿಯುವ ಮುಂಚೆಯೇ ಇನ್ನೊಂದು ಗೋಡೆ ಎದುರಿಗೆ ಅಡ್ಡ ಬಂದು ನಿಮ್ಮನ್ನು ಬಲಕ್ಕೆ ತಿರುಗಿಸುತ್ತದೆ. ತಿರುಗಿದರೆ ಜಾಗ ಅಗಲವಾಗುತ್ತದೆ, ಬೆಳಕು ಬರುತ್ತದೆ, ಯಾಕಂದ್ರೆ ಆ ಕಡೆ ಗೋಡೆ ಇಲ್ಲ, ನೆಲದಿಂದ ಸೂರಿನವರೆಗೆ ಗಾಜು. ಎಲ್ಲಿ ಒಂದು ಕೋಣೆ ಮುಗಿದು ಇನ್ನೊಂದು ಶುರುವಾಯಿತು ಅಂತ ಹೇಳಲಾಗದು. ಮುಚ್ಚಿದ ಕೋಣೆಗಳ ಸಾಲನ್ನು ಬಿಟ್ಟು, ಒಂದಾದ ಮೇಲೊಂದು ಬಿಚ್ಚಿಕೊಳ್ಳುವ ಜಾಗಗಳನ್ನು ಹುಡುಕಿದ್ದೇನೆ ಅನ್ನುವ ಅರ್ಥದ ಮಾತನ್ನು ಮೀಸ್ ಆ ವರ್ಷವೇ ಹೇಳಿದ್ದರು.

ಇದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅವರ ಮನೆಗಳ ಚಿತ್ರಗಳು 1910ರಲ್ಲಿ ಬರ್ಲಿನ್‌ಗೆ ಬಂದಿದ್ದವು. ನಡುವೆ ಬೆಂಕಿಗೂಡು, ಅದರ ಸುತ್ತ ಹೊರಗೆ ಚಾಚುವ ರೆಕ್ಕೆಗಳು ಅನ್ನುವ ರೈಟ್ ಪಾಠವನ್ನು ಮೀಸ್ ತಲೆಮಾರಿನವರೆಲ್ಲ ಓದಿಕೊಂಡರು. ಇನ್ನು ಹಾಲೆಂಡಿನ ಥಿಯೋ ವ್ಯಾನ್ ಡೂಸ್‌ಬರ್ಗ್ ಅವರ 1918ರ 'ರಷ್ಯನ್ ನೃತ್ಯದ ಲಯ' ಅನ್ನುವ ಚಿತ್ರವನ್ನು ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬಿಡಿ ಬಿಡಿ ಪಟ್ಟಿಗಳು, ತಿರುವುಗಳು, ನಡುವೆ ಉಸಿರಾಡುವ ಜಾಗ. ಆದರೆ ಚಿತ್ರದ ಪಟ್ಟಿಯನ್ನು ಗೋಡೆ ಮಾಡಿ, ಆ ಗೋಡೆಗಳ ನಡುವೆ ಮನುಷ್ಯ ನಡೆಯುವ ಹಾಗೆ ಯೋಚಿಸಿದ್ದು ಮೀಸ್. ಅದಕ್ಕೆ ಧೈರ್ಯ ಬೇಕು.

ಇನ್ನು ಜಗಳ.

ಇಲ್ಲಿಯವರೆಗೆ ನಾವು ನಡೆದಿದ್ದು ಒಳಗೆ. ಈ ಮನೆ ಬಗ್ಗೆ ಹೆಚ್ಚಿನವರು ಮಾತಾಡುವುದೂ ಒಳಗೆ ನಿಂತೇ. ಈಗ ಹೊರಗೆ ಬನ್ನಿ. ಆ ಮೂರು ಉದ್ದ ಗೋಡೆಗಳಲ್ಲಿ ಒಂದರ ಪಕ್ಕ ನಿಲ್ಲಿ. ಮನೆಯ ಯಜಮಾನರಾಗಿ ಬೇಡ, ಆ ದಾರಿಯಲ್ಲಿ ಹೋಗಬೇಕಾದ ಇನ್ಯಾರೋ ಆಗಿ. ಆಚೆ ಊರಿಗೆ ಹೋಗಬೇಕು, ಅಥವಾ ದನ ಹೊಡೆದುಕೊಂಡು ಹಳ್ಳಕ್ಕೆ ಹೋಗಬೇಕು. ಎಡಕ್ಕೆ ನಡೆದರೆ ಮನೆ ಸಿಗುತ್ತದೆ. ಬಲಕ್ಕೆ ನಡೆದರೆ ಗೋಡೆ. ಮತ್ತೆ ಗೋಡೆ. ಮತ್ತೂ ಗೋಡೆ. ಒಳಗಿನವರಿಗೆ ಎಲ್ಲೂ ಅಡ್ಡ ಬರದ ಗೋಡೆ ಹೊರಗಿನವರಿಗೆ ಬರೀ ಅಡ್ಡ.

ನನ್ನ ತಕರಾರು ಇಷ್ಟೇ. ಒಳಗೆ ಕೊಟ್ಟ ಸ್ವಾತಂತ್ರ್ಯದ ಬಿಲ್ಲನ್ನು ಈ ಮನೆ ಹೊರಗಿನ ನೆಲಕ್ಕೆ ಕಳಿಸುತ್ತದೆ. ಆ ನೆಲದ ಮೇಲೆ ಯಾರೂ ಇಲ್ಲ ಅಂತ ಅಂದುಕೊಂಡಿದ್ದರಿಂದ ಮಾತ್ರ ಬಿಲ್ಲು ಯಾರ ಕೈಗೂ ಸೇರಿಲ್ಲ.

ಊರಲ್ಲಿ ಜಮೀನಿನ ಪತ್ರ ನೋಡಿದವರಿಗೆ ಚಕ್ಕುಬಂದಿ ಅನ್ನುವ ಪದ ಗೊತ್ತಿರುತ್ತದೆ. ಕ್ರಯಪತ್ರದಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ ಅಂತ ಬರೆದರೆ ಸಾಲದು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಹಳ್ಳವೋ ಬಂಡಿದಾರಿಯೋ, ದಕ್ಷಿಣಕ್ಕೆ ಯಾರ ಹಿತ್ತಲು, ನಾಲ್ಕೂ ಬರೆಯಬೇಕು. ಅಂದ್ರೆ ನನ್ನ ನೆಲ ಯಾವುದು ಅಂತ ಹೇಳಲು ನಾನು ಮೊದಲು ನಾಲ್ಕು ಕಡೆಯ ಬೇರೆಯವರ ಹೆಸರು ಹೇಳಬೇಕು. ಪಕ್ಕದವರಿಲ್ಲದೆ ನನ್ನ ಆಸ್ತಿಯೇ ಇಲ್ಲ. ಮೀಸ್ ಅವರ ನಕ್ಷೆಗೆ ಚಕ್ಕುಬಂದಿ ಇಲ್ಲ. ಪೂರ್ವಕ್ಕೆ ಬಿಳಿ ಹಾಳೆ, ಪಶ್ಚಿಮಕ್ಕೆ ಬಿಳಿ ಹಾಳೆ.

ಮನೆ ನಿಸರ್ಗದೊಳಗೆ ಹರಡಿಕೊಂಡಿದೆ, ಮನೆ ಮತ್ತು ನೆಲ ಒಂದಾಗಿವೆ ಅಂತ ಹೊಗಳುವವರಿದ್ದಾರೆ. ಯಾವ ನೆಲ? ನಕ್ಷೆಯಲ್ಲಿ ಒಂದು ಮರ ಇಲ್ಲ, ಏರು ಇಳಿವು ಇಲ್ಲ, ಹರಿಯುವ ನೀರಿಲ್ಲ, ಕಾಲುದಾರಿ ಇಲ್ಲ. ಒಂದಾಗಬೇಕಾದರೆ ಎರಡು ಇರಬೇಕಲ್ಲ. ಇಲ್ಲಿ ಒಂದೇ ಇದೆ, ಇನ್ನೊಂದರ ಜಾಗ ಖಾಲಿ. ನಮ್ಮ ಕೆಲಸದಲ್ಲೂ ಇದರ ತಮ್ಮ ಇದ್ದಾನೆ. ಸಿಸ್ಟಮ್ ಡಯಾಗ್ರಾಮ್ ಬರೆಯುವಾಗ ನಮ್ಮ ಡಬ್ಬಿಗಳನ್ನೆಲ್ಲ ಚೆಂದವಾಗಿ ಬರೆದು, ಹೊರಗಿನದಕ್ಕೆಲ್ಲ ಒಂದು ಮೋಡದ ಚಿತ್ರ ಹಾಕಿ, ಅದಕ್ಕೊಂದು ಬಾಣ ಎಳೆದು ಬಿಡುತ್ತೇವೆ. ಮೋಡ ಅಂದ್ರೆ 'ಅದು ನಮ್ಮ ತಲೆನೋವಲ್ಲ' ಅಂತ. ರಾತ್ರಿ ಮೂರು ಗಂಟೆಗೆ ಫೋನ್ ಬರುವುದು ಬಹುಪಾಲು ಆ ಬಾಣದ ತುದಿಯಿಂದಲೇ. ಮೀಸ್ ಹಾಳೆಯ ಅಂಚಿನವರೆಗೆ ಎಳೆದ ಗೆರೆಗಳೂ ಅಂಥ ಬಾಣಗಳೇ.

ಉದ್ದ ಗೋಡೆ ಎಳೆದರೆ ಆಗುವುದೇನು ಅಂತ ಬರೀ ಕಟ್ಟುವವರ ಕಣ್ಣಲ್ಲಿ ನೋಡಿ. ನೆಲ ಒಂದೇ ಸಮ ಇರುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಗೋಡೆ ಎದ್ದರೆ ಮಳೆನೀರು ಮೇಲಿನ ಬದಿಯಲ್ಲಿ ನಿಲ್ಲುತ್ತದೆ. ತೂತು ಬಿಡದಿದ್ದರೆ ಆ ಗೋಡೆ ಒಡ್ಡಾಗುತ್ತದೆ, ಒಡ್ಡಿನ ಬಲ ಅದಕ್ಕಿಲ್ಲದಿದ್ದರೆ ಒರಗುತ್ತದೆ. ಸೂರಿನ ಆಸರೆಯಿಲ್ಲದೆ ಒಂಟಿಯಾಗಿ ಉದ್ದಕ್ಕೆ ಓಡುವ ಇಟ್ಟಿಗೆ ಗೋಡೆಗೆ ಅಲ್ಲಲ್ಲಿ ಕಂಬವೋ ಊರುಗೋಡೆಯೋ ಬೇಕು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದಕ್ಕೆ ಸಂದು ಬಿಡಬೇಕು. ಇದ್ಯಾವುದಕ್ಕೂ ಗೆರೆಯಲ್ಲಿ ಜಾಗವಿಲ್ಲ. ಗೆರೆ ಎಷ್ಟು ದೂರ ಬೇಕಾದರೂ ಹೋಗಬಹುದು, ಗೋಡೆ ಹೋಗಲಾರದು.

ಹೊಲದ ಬದುವನ್ನು ನೆನಪಿಸಿಕೊಳ್ಳಿ. ಅದೂ ನೆಲದ ಮೇಲೆ ದೂರದವರೆಗೆ ಓಡುವ ಗೆರೆಯೇ. ಆದರೆ ಬದುವಿಗೆ ಎರಡು ಕಡೆ ಇವೆ, ಎರಡೂ ಕಡೆಯವರಿಗೆ ಅದರಲ್ಲಿ ವ್ಯವಹಾರವಿದೆ. ಅದರ ಮೇಲೆ ಜನ ನಡೆಯುತ್ತಾರೆ. ಅದರ ಹುಲ್ಲು ದನಕ್ಕಾಗುತ್ತದೆ. ಮೇಲಿನ ಹೊಲದ ಹೆಚ್ಚಿನ ನೀರು ಕೆಳಗಿನ ಹೊಲಕ್ಕೆ ಇಳಿಯಲೆಂದು ಒಂದು ಕಡೆ ತಗ್ಗಿಸಿರುತ್ತಾರೆ. ಬದುವಿನ ಮೇಲಿನ ಮರದ ನೆರಳು ಯಾರದು ಅಂತ ಜಗಳವೂ ಆಗುತ್ತದೆ, ಕೋರ್ಟಿಗೂ ಹೋಗುತ್ತದೆ. ಬದು ಎಂದರೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಒಂದು ಗೇಣು ಬದು ಒತ್ತಿದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಪ್ರತಿ ಊರಲ್ಲೂ ಇವೆ. ಆದರೆ ಆ ಜಗಳ ಆಗುವುದೇ ಅಲ್ಲಿ ಇಬ್ಬರಿದ್ದಾರೆ ಅನ್ನುವುದಕ್ಕೆ. ಮೀಸ್ ಗೋಡೆಯ ಆಚೆ ಜಗಳಕ್ಕೂ ಒಬ್ಬರಿಲ್ಲ.

'ಅಯ್ಯೋ ಅದೊಂದು ಪ್ರಯೋಗ, ಘೋಷಣೆ. ಕಟ್ಟಲೆಂದೇ ಬರೆದಿದ್ದಲ್ಲ. ಅದರ ಹತ್ತಿರ ಚರಂಡಿ ಎಲ್ಲಿ ಅಂತ ಕೇಳ್ತೀಯಲ್ಲ' ಅನ್ನಬಹುದು. ನ್ಯಾಯವಾದ ಮಾತು. ಕಟ್ಟದ ಮನೆಯ ಲಾಭವೇ ಅದು. ಒಂದು ಯೋಚನೆಯನ್ನು ಅದು ಹೋಗುವಷ್ಟು ದೂರ ತಳ್ಳಿ ನೋಡಬಹುದು. ಈ ಮನೆಯಲ್ಲಿ ಅಡುಗೆ ಎಲ್ಲಿ, ಮಲಗುವುದೆಲ್ಲಿ ಅಂತ ನಕ್ಷೆ ಬಿಡಿಸಿ ಹೇಳುವುದಿಲ್ಲ. ವಾಸದ ಭಾಗ, ಕೆಲಸದ ಭಾಗ ಅನ್ನುವಷ್ಟೇ ವಿಂಗಡಣೆ. ಅದನ್ನು ನಾನು ದೂರುವುದಿಲ್ಲ. ಘೋಷಣೆಯಲ್ಲಿ ಒಲೆ ಎಲ್ಲಿಡಬೇಕು ಅಂತ ಬರೆಯಬೇಕಿಲ್ಲ.

ಆದರೆ ಈ ಘೋಷಣೆ ಇರುವುದು ಯಾವುದರ ಬಗ್ಗೆ? ಒಳಗು ಹೊರಗಿನ ಸಂಬಂಧದ ಬಗ್ಗೆ. ಹಾಗಿರುವಾಗ ಹೊರಗು ಎಲ್ಲಿ ಅಂತ ಕೇಳುವುದು ಚರಂಡಿ ಕೇಳಿದ ಹಾಗಲ್ಲ. ಅಡುಗೆಮನೆಯ ಬಗ್ಗೆ ಘೋಷಣೆ ಮಾಡಿದವರನ್ನು ಒಲೆ ಎಲ್ಲಿ ಅಂತ ಕೇಳಲೇಬೇಕಾಗುತ್ತದೆ. ಅದೇ ದಶಕದಲ್ಲಿ ಹಾಗೆ ಮಾಡಿದವರೂ ಇದ್ದರು. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಅನ್ನುವ ಆರ್ಕಿಟೆಕ್ಟ್ ಫ್ರಾಂಕ್‌ಫರ್ಟ್ ನಗರದ ಬಡಾವಣೆಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅದರೊಳಗೆ ಒಲೆಯಿಂದ ತೊಟ್ಟಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ, ಹಿಟ್ಟು ಅಕ್ಕಿಗೆ ಡಬ್ಬಿ ಎಲ್ಲಿರಬೇಕು ಅನ್ನುವವರೆಗೆ ತೀರ್ಮಾನಿಸಿದ್ದರು. ಯುದ್ಧ ಸೋತ ಜರ್ಮನಿಯಲ್ಲಿ ಮನೆಗಳ ಕೊರತೆ ಲಕ್ಷಗಳಲ್ಲಿತ್ತು. ಒಬ್ಬರು ಅಂಗೈ ಅಗಲದ ಜಾಗವನ್ನು ಅಳೆಯುತ್ತಿದ್ದರು, ಇನ್ನೊಬ್ಬರು ಅಳತೆಯೇ ಇಲ್ಲದ ಜಾಗದಲ್ಲಿ ಗೋಡೆ ಎಳೆಯುತ್ತಿದ್ದರು. ಮೀಸ್ ಅವರಿಗೆ ಬಡವರ ಮನೆ ಬೇಡವಾಗಿತ್ತು ಅಂತಲ್ಲ; ಬರ್ಲಿನ್‌ನ ಆಫ್ರಿಕಾನಿಶೆ ಸ್ಟ್ರಾಸೆಯಲ್ಲಿ 1926-27ರಲ್ಲಿ ಅವರೂ ನಗರಸಭೆಯ ಸರಳ ವಸತಿಗಳನ್ನು ಕಟ್ಟಿದರು. ಆದರೆ ಆ ವಸತಿಗಳ ನಕ್ಷೆ ಯಾರ ಗೋಡೆಯ ಮೇಲೂ ಪೋಸ್ಟರ್ ಆಗಿಲ್ಲ. ಪೋಸ್ಟರ್ ಆದದ್ದು ಯಾರೂ ಪಕ್ಕದಲ್ಲಿಲ್ಲದ ಈ ಮನೆ. ನಮ್ಮ ಕಣ್ಣಿಗೆ ಏನು ಚೆಂದ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಈ ಮನೆಯೊಳಗೇ ಒಂದು ವಿಚಿತ್ರ ಇದೆ. ಅದು ಇಟ್ಟಿಗೆ. ಮೀಸ್ ಹುಟ್ಟಿದ್ದು 1886ರಲ್ಲಿ ಆಹೆನ್ ಪಟ್ಟಣದಲ್ಲಿ, ಅಪ್ಪ ಕಲ್ಲುಕೆಲಸದವರು. ಸಾಮಗ್ರಿ ಅಂದರೇನು ಅಂತ ಮೀಸ್ ಕಲಿತದ್ದು ಕಾಲೇಜಿನಲ್ಲಲ್ಲ. 1938ರಲ್ಲಿ ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿ ಮಾಡಿದ ಮೊದಲ ಭಾಷಣದಲ್ಲಿ ಅವರು ಇಟ್ಟಿಗೆಯನ್ನು ಮನಸಾರೆ ಹೊಗಳಿದರು: ಕೈಗೆ ಹಿಡಿಯುವಷ್ಟು ಸಣ್ಣದು, ಎಷ್ಟು ಜಾಣ ಆಕಾರ, ಅದನ್ನು ಜೋಡಿಸುವುದರಲ್ಲಿ ಎಂಥ ಶಿಸ್ತು ಬೇಕು ಅಂತ. ಅವರ ಇಟ್ಟಿಗೆ ಮನೆಗಳಲ್ಲಿ ಎಲ್ಲ ಅಳತೆಯೂ ಇಟ್ಟಿಗೆಯ ಲೆಕ್ಕದಲ್ಲೇ ಇರುತ್ತಿತ್ತು, ಹೆಚ್ಚು ಬೆಂದು ಕುಗ್ಗಿದ ಇಟ್ಟಿಗೆ ಮತ್ತು ಕಡಿಮೆ ಬೆಂದು ಉದ್ದ ಉಳಿದ ಇಟ್ಟಿಗೆಯನ್ನು ಬೇರೆ ಮಾಡಿಸಿ ಒಂದನ್ನು ಒಂದು ದಿಕ್ಕಿಗೆ, ಇನ್ನೊಂದನ್ನು ಇನ್ನೊಂದು ದಿಕ್ಕಿಗೆ ಬಳಸಿದ್ದೂ ಉಂಟು ಅಂತ ಫಿಲಿಪ್ ಜಾನ್ಸನ್ 1947ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಇಂಥ ಮನುಷ್ಯ, ಎಣಿಸಬಹುದಾದ ವಸ್ತುವಿನಿಂದ ಎಣಿಸಲಾಗದ ಗೋಡೆಯನ್ನು ಬರೆದರು. ಇಟ್ಟಿಗೆಗೆ ಕೊನೆ ಮುಖ್ಯ. ಗಾರೆ ಕೆಲಸದವರನ್ನು ಕೇಳಿ. ಗೋಡೆಯ ನಡುವೆ ಯಾರು ಬೇಕಾದರೂ ಇಟ್ಟಿಗೆ ಇಡಬಹುದು, ಮೇಸ್ತ್ರಿ ಬೇಕಾಗುವುದು ಮೂಲೆಗೆ. ಮೂಲೆ ತಿರುಗಿಸುವಾಗ, ಗೋಡೆ ಮುಗಿಸುವಾಗ ಅರ್ಧ ಇಟ್ಟಿಗೆ ಎಲ್ಲಿ, ಮುಕ್ಕಾಲು ಎಲ್ಲಿ ಅನ್ನುವುದರಲ್ಲಿ ಕೈಗುಣ ಗೊತ್ತಾಗುತ್ತದೆ. ಒಳಗಿನ ಗೋಡೆಗಳನ್ನು ಎಲ್ಲಿ ನಿಲ್ಲಿಸಬೇಕು ಅಂತ ಅಷ್ಟು ಚೆನ್ನಾಗಿ ತಿಳಿದಿದ್ದ ಮೀಸ್ ಹೊರಗಿನ ಮೂರು ಗೋಡೆಗಳಲ್ಲಿ ಮಾತ್ರ ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟರು.

ಕಟ್ಟಲು ಶುರು ಮಾಡಿದ ಕೂಡಲೇ ಪ್ರಶ್ನೆ ವಾಪಸ್ ಬಂತು. ಈ ನಕ್ಷೆಯಾದ ಎರಡು ಮೂರು ವರ್ಷಗಳಲ್ಲೇ ಗೂಬೆನ್ ಪಟ್ಟಣದಲ್ಲಿ, ನೈಸೆ ನದಿಯ ಮೇಲಿನ ಇಳಿಜಾರಿನಲ್ಲಿ, ಅವರು ವೋಲ್ಫ್ ಮನೆಯನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಅಲ್ಲಿ ಗಿರಾಕಿ ಇದ್ದರು, ಸೈಟ್ ಇತ್ತು, ಇಳಿಜಾರಿತ್ತು. ಗೋಡೆಗಳು ಅನಂತಕ್ಕೆ ಹೋಗಲಿಲ್ಲ. ಕಟ್ಟೆಗಳಾಗಿ, ಮೆಟ್ಟಿಲುಗಳಾಗಿ ಇಳಿದು, ಸೈಟಿನೊಳಗೇ ನಿಂತವು. ಎರಡನೇ ಮಹಾಯುದ್ಧದ ಕೊನೆಗೆ ಆ ಮನೆ ಹಾಳಾಯಿತು. ಆ ಜಾಗ ಈಗ ಪೋಲೆಂಡಿನಲ್ಲಿದೆ. ದೇಶದ ಗಡಿಯೇ ಜರುಗಿ ಬಂದು ಮನೆಯ ಚಕ್ಕುಬಂದಿ ಬದಲಿಸಿತು. ಕ್ರೆಫೆಲ್ಡ್‌ನಲ್ಲಿ ರೇಷ್ಮೆ ಉದ್ಯಮದ ಇಬ್ಬರಿಗಾಗಿ ಅಕ್ಕಪಕ್ಕ ಕಟ್ಟಿದ ಲಾಂಗೆ ಮತ್ತು ಎಸ್ಟರ್ಸ್ ಮನೆಗಳು ಇನ್ನೂ ಇವೆ, ಈಗ ಮ್ಯೂಸಿಯಂ. ಹೊರಗಿನಿಂದ ಶುದ್ಧ ಇಟ್ಟಿಗೆ. ಆದರೆ ಅಷ್ಟಗಲ ಕಿಟಕಿಗಳ ಮೇಲೆ ಇಟ್ಟಿಗೆ ನಿಲ್ಲಬೇಕಾದರೆ ಒಳಗೆ ಉಕ್ಕಿನ ತೊಲೆ ಬೇಕಾಯಿತು. ಒಳಗಿನ ಕೋಣೆಗಳೂ ಕೋಣೆಗಳಾಗಿಯೇ ಉಳಿದವು, ಬಾಗಿಲು ಸಮೇತ.

1924ರ ಮಾತು ನಿಜವಾಗಿ ನಡೆದದ್ದು 1929ರಲ್ಲಿ, ಬಾರ್ಸಿಲೋನಾ ಪೆವಿಲಿಯನ್‌ನಲ್ಲಿ. ಎಂಟು ಉಕ್ಕಿನ ಕಂಬಗಳು ಸೂರು ಹೊತ್ತವು, ಹೊರೆ ಇಳಿದ ಗೋಡೆಗಳು ಬೇಕಾದ ಕಡೆ ನಿಂತವು. ಅಲ್ಲಿನ ಗೋಡೆಗಳನ್ನು ನೋಡಿ. ಕೆಲವು ಸೂರಿನಿಂದ ಹೊರಗೆ ಚಾಚುತ್ತವೆ, ನೀರಿನ ಕೊಳವನ್ನು ಬಳಸಿ ಬರುತ್ತವೆ, ಆದರೆ ಎಲ್ಲವೂ ಒಂದು ಜಗಲಿಯ ಮೇಲೆ, ಒಂದು ಕಡೆ ನಿಲ್ಲುತ್ತವೆ. ಗೋಡೆ ನಿಂತಿದ್ದರಿಂದ ಯೋಚನೆ ಸಣ್ಣದಾಗಲಿಲ್ಲ. ನಿಂತಿದ್ದರಿಂದಲೇ ಗೋಡೆಯ ಆಚೆ ಇನ್ನೊಂದಿದೆ ಅಂತ ಗೊತ್ತಾಯಿತು. ಎಲ್ಲಿ ನಿಲ್ಲಿಸಬೇಕು ಅನ್ನುವ ತೀರ್ಮಾನ ಕಟ್ಟುವವರಿಗೆ ಬಂದ ಕಷ್ಟವಲ್ಲ, ಅದೇ ಅವರ ಕಲೆ. ಮೀಸ್ ಅವರ ಅತಿ ಒಳ್ಳೆಯ ಕೆಲಸವೇ ಅವರ ಅತಿ ಪ್ರಸಿದ್ಧ ನಕ್ಷೆಗೆ ಕೊಟ್ಟ ಉತ್ತರ.

ಖಾಲಿ ನೆಲದ ಆಸೆ ಮಾತ್ರ ಅವರನ್ನು ಬಿಡಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಫಾಕ್ಸ್ ನದಿಯ ದಡದಲ್ಲಿ, ಡಾಕ್ಟರ್ ಎಡಿತ್ ಫಾರ್ನ್ಸ್‌ವರ್ತ್ ಅವರಿಗಾಗಿ 1951ರಲ್ಲಿ ಮುಗಿಸಿದ ಮನೆಯಲ್ಲಿ ಹೊರಗೋಡೆಯೇ ಇಲ್ಲ, ಸುತ್ತ ಗಾಜು. ನದಿ ಉಕ್ಕುತ್ತದೆಂದು ನೆಲದಿಂದ ಐದು ಅಡಿಗೂ ಹೆಚ್ಚು ಎತ್ತರದಲ್ಲಿ ಎತ್ತಿ ನಿಲ್ಲಿಸಿದ ಮನೆ. ಕೂತಲ್ಲಿಂದ ಮರ, ಹುಲ್ಲು, ನದಿ ಎಲ್ಲ ಚಿತ್ರದ ಹಾಗೆ. ಆದರೆ ನದಿ ಚಿತ್ರವಲ್ಲವಲ್ಲ. 1954ರಲ್ಲಿ ನೀರು ಮನೆಯೊಳಗೆ ಬಂತು. 1996ರ ಪ್ರವಾಹದಲ್ಲಿ ಗಾಜು ಒಡೆದು ಮತ್ತೆ ಬಂತು. ನದಿಗಿಂತ ಮೊದಲು ಬಿಲ್ಲು ಬಂದಿತ್ತು, ಖರ್ಚಿನ ವಿಷಯಕ್ಕೆ ಗಿರಾಕಿಯೂ ಆರ್ಕಿಟೆಕ್ಟೂ ಕೋರ್ಟ್ ಹತ್ತಿದರು. ಕೊನೆಗೆ ರಸ್ತೆ ಬಂತು. ಹೊಸ ಸೇತುವೆಗಾಗಿ ಸ್ಥಳೀಯ ಆಡಳಿತ ಆಸ್ತಿಯ ಒಂದು ಭಾಗವನ್ನು ವಶಪಡಿಸಿಕೊಂಡಿತು. ಎಡಿತ್ ಕೇಸು ಹಾಕಿ ಸೋತರು. 1972ರಲ್ಲಿ ಮನೆ ಮಾರಿದರು. ನದಿ, ರಸ್ತೆ, ಸರ್ಕಾರ. ನಮ್ಮ ಕ್ರಯಪತ್ರಗಳಲ್ಲಿ ಇವೆಲ್ಲ ಚಕ್ಕುಬಂದಿಯ ಕಾಲಂನಲ್ಲಿ ಬರುವ ಹೆಸರುಗಳೇ.

ಇದನ್ನೆಲ್ಲ ಈಗ ಯಾಕೆ ಹೇಳಬೇಕು? ನಾವು ಕೊಳ್ಳುತ್ತಿರುವುದು ಇದೇ ನಕ್ಷೆಯ ಅಗ್ಗದ ಎಡಿಷನ್ ಅನ್ನುವ ಕಾರಣಕ್ಕೆ. ನಮ್ಮ ವಯಸ್ಸಿನವರು ಲೋನ್ ಅರ್ಹತೆ ಲೆಕ್ಕ ಹಾಕುತ್ತಾ ನೋಡುವ ವಿಲ್ಲಾ ಬ್ರೋಷರ್ ತೆಗೆಯಿರಿ. ಗಾಜಿನ ಗೋಡೆ, ಅದರಾಚೆ ಹಸಿರು, ಹಸಿರಿನಾಚೆ ಮತ್ತೆ ಹಸಿರು. ಒಳಗು ಹೊರಗು ಒಂದೇ ಅನ್ನುವ ಸಾಲು. ಆ ಹಸಿರಿನಲ್ಲಿ ಒಬ್ಬ ಮನುಷ್ಯನಿಲ್ಲ, ಒಂದು ದನವಿಲ್ಲ, ಒಂದು ಕಾಲುದಾರಿ ಇಲ್ಲ. ಆದರೆ ದೇವನಹಳ್ಳಿ ಕಡೆಯೋ ಸರ್ಜಾಪುರದ ಕಡೆಯೋ ಆ ನೆಲಕ್ಕೆ ಸರ್ವೆ ನಂಬರ್ ಇತ್ತು, ಬದು ಇತ್ತು, ಕೆರೆಗೆ ಹೋಗುವ ರಾಜಕಾಲುವೆ ಇತ್ತು. ಕಾಂಪೌಂಡ್ ಗೋಡೆ ಎದ್ದ ಮೇಲೆ ಕೆರೆಗೆ ಹೋಗಬೇಕಿದ್ದ ನೀರು ದಾರಿ ಹುಡುಕಿಕೊಂಡು ಮಳೆಗಾಲದ ಒಂದು ರಾತ್ರಿ ಬೇಸ್‌ಮೆಂಟಿಗೆ ಬಂದಾಗ ನಾವು ಅದನ್ನು ಅನಾಹುತ ಅನ್ನುತ್ತೇವೆ. ನೀರಿನ ಲೆಕ್ಕದಲ್ಲಿ ಅದು ತನ್ನ ಹಳೇ ದಾರಿ ಅಷ್ಟೇ. ಬ್ರೋಷರ್ ಬರೆದವರು ಮೀಸ್ ಓದಿರಬೇಕಿಲ್ಲ. ಹೊರಗು ಅಂದ್ರೆ ಖಾಲಿ ಹಾಳೆ ಅನ್ನುವ ಅಭ್ಯಾಸ ಸಾಕು.

ಹಾಗಂತ ಆ ನಕ್ಷೆಯನ್ನು ಮಡಚಿಡಿ ಅಂತ ನಾನು ಹೇಳುವುದಿಲ್ಲ. ಕೋಣೆ ಅನ್ನುವ ಡಬ್ಬಿಯಿಂದ ಮನೆಯನ್ನು ಬಿಡಿಸಿದ ಮೊದಲ ಹಾಳೆಗಳಲ್ಲಿ ಅದು ಒಂದು. ಗೋಡೆ ಮುಚ್ಚುವುದಕ್ಕೆ ಮಾತ್ರವಲ್ಲ, ದಾರಿ ತೋರಿಸುವುದಕ್ಕೂ ಆಗುತ್ತದೆ ಅಂತ ಹೇಳಿಕೊಟ್ಟಿದೆ. ಆ ಪಾಠ ಕಲಿಯಲೇಬೇಕು. ಎಲ್ಲಾದರೂ ಸಿಕ್ಕಿದರೆ ಆ ನಕ್ಷೆಯನ್ನು ತೆರೆದು ನೋಡಿ, ಒಳಗಿನ ಗೋಡೆಗಳ ನಡುವೆ ಬೆರಳಿಟ್ಟು ನಡೆಯಿರಿ, ಖುಷಿಪಡಿ. ಆಮೇಲೆ ಆ ಮೂರು ಉದ್ದ ಗೆರೆಗಳಲ್ಲಿ ಒಂದನ್ನು ಹಿಡಿದು ಹಾಳೆಯ ಅಂಚಿನವರೆಗೆ ಹೋಗಿ. ಅಂಚಿನ ಆಚೆ ಯಾರ ಹೊಲ ಅಂತ ಕೇಳಿ. ಮನೆ ತೋರಿಸಲು ಬಂದ ಸೇಲ್ಸ್‌ನವರನ್ನೂ ಅದನ್ನೇ ಕೇಳಿ.